ಕೊಳ್ಳುವವನ ಕೈ

ಉಗುರಿನ ಸಂದಿಯ ಬಣ್ಣ ಈ ಸಲವೂ ಪೂರ್ತಿ ಹೋಗಲಿಲ್ಲ. ಬೆಳಿಗ್ಗೆಯೇ ಎದ್ದು ಸೀಮೆಎಣ್ಣೆ ಹಚ್ಚಿ ತಿಕ್ಕಿದ್ದಾಯಿತು, ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ಕೆರೆದದ್ದಾಯಿತು, ಅದನ್ನು ನೋಡಿ ಹೆಂಡತಿ ನಕ್ಕದ್ದೂ ಆಯಿತು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿಗೆರೆ ಮಾತ್ರ ಜಪ್ಪಯ್ಯ ಎಂದರೂ ಕದಲದೆ ಕೂತಿತ್ತು. ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತು ಅವನು ಆ ಕೈಯನ್ನು ಬಲಗೈಯ ಅಡಿಯಲ್ಲಿ ಬಚ್ಚಿಟ್ಟುಕೊಂಡ. ಯಾರಿಗೆ ಹೆದರಿ? ಎದುರು ಸೀಟಿನವನು ಬಾಯಿ ಕಳೆದುಕೊಂಡು ನಿದ್ದೆ ಹೊಡೆಯುತ್ತಿದ್ದ. ಆದರೂ ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಪತ್ರ ಬರೆಯುವವನ ಅಂಗಡಿಯಲ್ಲಿ ಮನೆ ಕೊಳ್ಳುವವನಾಗಿ ಕೂರಬೇಕಾದವನ ಕೈ ಬಣ್ಣ ಬಳಿಯುವವನ ಕೈಯಂತೆ ಕಾಣಬಾರದು ಎಂಬುದೊಂದು ಅವನ ತಲೆಯನ್ನು ನಿನ್ನೆಯಿಂದ ಕೊರೆಯುತ್ತಿತ್ತು. ಅಕ್ಕ ಇಸ್ತ್ರಿ ಮಾಡಿಕೊಟ್ಟ ಅಂಗಿ, ಪ್ಯಾಂಟು. ಮೂವತ್ತೊಂದು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳ ಇಸ್ತ್ರಿ ಎಂದರೆ ಕೇಳಬೇಕೆ, ಮಡಿಕೆಯ ಮೇಲೆ ಬೆರಳಿಟ್ಟರೆ ಕುಯ್ಯುವಂತಿತ್ತು. "ನಿನ್ನ ಹಳೇ ಪ್ಯಾಂಟಿನ ಜೇಬಲ್ಲಿ ಬ್ಲೇಡ್ ಇತ್ತಲ್ಲೋ, ಇದರ ಜೇಬಿಗೆ ಹಾಕಿದೀನಿ. ಮರೆತು ಹೋಗಿದ್ದೆ ನೋಡು," ಎಂದಳು ಅವಳು, ದೊಡ್ಡ ಉಪಕಾರ ಮಾಡಿದ ಹಾಗೆ. ಅವನು ಜೇಬು ಮುಟ್ಟಿ ನೋಡಿಕೊಂಡ. ಪುಟ್ಟಿ ಕೆರೆಯುವ ಬ್ಲೇಡು, ಬೆರಳುದ್ದ, ಇಪ್ಪತ್ತೈದು ವರ್ಷದಿಂದ ತೊಡೆಗೆ ತಾಗಿಕೊಂಡೇ ಇರುವಂಥದ್ದು. ಬೇಕೆಂದೇ ಬಿಟ್ಟು ಬಂದದ್ದನ್ನು ಇವಳು ಹುಡುಕಿ ತಂದು ಹಾಕಿದ್ದಾಳೆ. ಮನೆ ಕೊಳ್ಳುವವನ ಜೇಬಿನಲ್ಲಿ ಪುಟ್ಟಿ ಬ್ಲೇಡು! ಸಿಟ್ಟು ಬಂತು. ಆದರೆ ಅಕ್ಕನ ಮಡಿಲಲ್ಲಿ ಕಂದು ಚೀಲವಿತ್ತು, ಚೀಲದಲ್ಲಿ ಬ್ಯಾಂಕಿನವರು ಕೊಟ್ಟ ಡಿಡಿ ಇತ್ತು, ಆದ್ದರಿಂದ ಅವನು ಸಿಟ್ಟನ್ನು ನುಂಗಿ ಕಿಟಕಿಯಾಚೆ ನೋಡಿದ.

ಆ ಡಿಡಿ ಅವನ ಬಾಯಿಮಾತಿನಿಂದ ಹುಟ್ಟಿದ್ದು. ಆಸ್ಪತ್ರೆಯವರು ಲಾಂಡ್ರಿ ಮುಚ್ಚಿ, ಬಟ್ಟೆ ಒಗೆಯುವ ಕೆಲಸವನ್ನು ಹೊರಗಿನವರಿಗೆ ಕೊಟ್ಟು, ಒಳಗಿನವರ ಕೈಗೆ ಒಂದು ಗಂಟು ಇಟ್ಟು ಕಳಿಸಿದ್ದರು. ತಿಂಗಳ ಕೊನೆಗೆ ಕ್ವಾರ್ಟರ್ಸೂ ಖಾಲಿ ಮಾಡಬೇಕು. ಅಕ್ಕ ಆ ಗಂಟನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಹೇಗೋ ದಿನ ನೂಕುತ್ತೇನೆ ಅಂದುಕೊಂಡಿದ್ದಳು. ಇವನು ಹೋಗಿ ಅವಳ ಊಟದ ಮೇಜಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದು ಮನೆ ಬರೆದಿದ್ದ. ಮಾತು ಅವನದಲ್ಲ, ದಲ್ಲಾಳಿಯದು. ದಲ್ಲಾಳಿ ಅವನಿಗೆ ಹೇಳಿದ್ದು ಸಾರವೆಯ ಕೆಳಗೆ ನಿಂತು, ತಲೆಯೆತ್ತಿ: "ಯಜಮಾನ್ರೇ, ಎಷ್ಟು ವರ್ಷ ಊರವರ ಮನೆಗೆ ಬಣ್ಣ ಬಳೀತೀರಾ? ನಿಮ್ಮಂಥ ಕೈ ಇರೋರು ಸ್ವಂತಕ್ಕೆ ಬಳಿದ್ರೆ ಎಲ್ಲಿಗೋ ಹೋಗ್ತೀರಾ." ಎಲ್ಲರೂ ಎಡಚ ಎಂದು ಕರೆಯುವವನನ್ನು, ಕೂಲಿ ಕೊಡುವವರು "ಏಯ್" ಎಂದು ಕರೆಯುವವನನ್ನು, ಯಜಮಾನ್ರೇ ಎಂದಿದ್ದ. ಕೆಳಗಿಳಿಯುವಾಗ ಏಣಿಯ ಮೆಟ್ಟಿಲು ತಪ್ಪುವುದರಲ್ಲಿತ್ತು. ಲೆಕ್ಕ ಸುಲಭ. ಅರ್ಧ ಬೆಲೆ ಈಗ, ಇನ್ನರ್ಧ ಆರು ತಿಂಗಳಿಗೆ. ಅಷ್ಟರೊಳಗೆ ಕೆರೆದು, ಬಳಿದು, ಹೊಸದು ಮಾಡಿ ಮಾರಿಬಿಟ್ಟರೆ ಆ ಇನ್ನರ್ಧ ಹೊಸದಾಗಿ ಕೊಳ್ಳುವವನ ಜೇಬಿನಿಂದಲೇ ಬರುತ್ತದೆ. ಮಿಕ್ಕ ಲಾಭದಲ್ಲಿ ಎರಡು ಮನೆ, ಎರಡರಿಂದ ನಾಲ್ಕು. ಮೊದಲಿಗೆ ಒಂದು ಮೂಲ ಬಂಡವಾಳ ಬೇಕು ಅಷ್ಟೆ. ದಲ್ಲಾಳಿ ಅದನ್ನು ಬೀಜದ ದುಡ್ಡು ಎನ್ನುತ್ತಿದ್ದ. ಟೋಕನ್ ಮುಂಗಡಕ್ಕೆಂದು ಅವನ ಜೊತೆ ಬಣ್ಣ ಬಳಿಯುವ ಐದು ಜನ ತಲೆಗಿಷ್ಟು ಎಂದು ಹಾಕಿದರು. ಮಾತೇ ಆಡದ ಮೊಂಡ ಕೂಡ ಹೆಂಡತಿಯ ಬಳೆ ಬಿಡಿಸಿ ತಂದು ಕೊಟ್ಟು "ನೀನಿದೀಯಲ್ಲ" ಎಂದಿದ್ದ. ಆ ಟೋಕನ್ನು ಹೋಗಿ ಹದಿನೈದು ದಿನವಾಯಿತು. ಇವತ್ತು ಕರಾರು ಪತ್ರ ಆಗದಿದ್ದರೆ ಅದು ನೀರಿನಲ್ಲಿ ಹೋಮ. ಅಕ್ಕ ಎಲ್ಲ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ್ದಳು: "ಗೋಡೆ ಗಟ್ಟಿ ಇದೆಯೇನೋ?" ಅವನು ನಕ್ಕುಬಿಟ್ಟಿದ್ದ. "ಅಕ್ಕಾ, ಗೋಡೆ ವಿಷಯದಲ್ಲಿ ನಂಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ."

ಆ ನಗುವನ್ನು ಈಗ ಬಸ್ಸಿನಲ್ಲಿ ನೆನೆದುಕೊಳ್ಳಲೂ ಅವನಿಗೆ ಇಷ್ಟವಿರಲಿಲ್ಲ. ಯಾಕೆಂದರೆ ಅವನು ಆ ಮನೆಯ ಗೋಡೆಯನ್ನು ಮುಟ್ಟಿಯೇ ಇರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ಹೇಳುವಂಥದ್ದೂ ಅಲ್ಲ. ಮೊದಲ ಸಲ ನೋಡಲು ಹೋದಾಗ ಮನೆಯ ಒಡತಿ, ನಿವೃತ್ತಿಯಾದ ಶಾಲಾ ಮೇಷ್ಟ್ರಮ್ಮ, ಮುಂಬಾಗಿಲು ತೆರೆದು "ಬನ್ನಿ, ಬನ್ನಿ" ಎಂದು ಕುರ್ಚಿ ತೋರಿಸಿದ್ದರು. ಅವನು ಜೀವಮಾನದಲ್ಲಿ ಅಂಥ ಮನೆಯೊಂದರ ಮುಂಬಾಗಿಲಿನಿಂದ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ತಟ್ಟಬೇಕು, ಅಂಗೈ ಇಟ್ಟು ಸವರಬೇಕು, ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮೂಸಬೇಕು; ಮೈ ಪೂರ್ತಿ ಅದಕ್ಕೆ ತುಡಿಯುತ್ತಿತ್ತು. ಆದರೆ ಹಾಗೆ ಮಾಡಿದ್ದರೆ ಮೇಷ್ಟ್ರಮ್ಮನಿಗೆ ಇವನು ಯಾರೆಂದು ತಕ್ಷಣ ತಿಳಿದುಹೋಗುತ್ತಿತ್ತು. ಕೊಳ್ಳುವವರು ಗೋಡೆ ಮುಟ್ಟುವುದಿಲ್ಲ. ಕಿಟಕಿಯ ಹತ್ತಿರ ನಿಂತು ಗಾಳಿ ಚೆನ್ನಾಗಿದೆ ಎನ್ನುತ್ತಾರೆ. ಅವನೂ ಎರಡು ಕೈಯನ್ನೂ ಜೇಬಿಗೆ ತುರುಕಿಕೊಂಡು, ಕಿಟಕಿಯ ಹತ್ತಿರ ನಿಂತು, "ಗಾಳಿ ಚೆನ್ನಾಗಿದೆ" ಎಂದಿದ್ದ. ಹಿಂದಿನ ರೂಮನ್ನು ಹೊಸ್ತಿಲಲ್ಲೇ ನಿಂತು ಇಣುಕಿದ್ದ. ಪೆಟ್ಟಿಗೆ, ಮಂಚ, ಪುಸ್ತಕದ ಕಟ್ಟು ಎಲ್ಲ ಗೋಡೆಯೆತ್ತರಕ್ಕೆ ಪೇರಿಸಿಟ್ಟಿತ್ತು. "ಆ ರೂಮು ನಾವು ಬಳಸೋದಿಲ್ಲ," ಎಂದಿದ್ದರು ಮೇಷ್ಟ್ರಮ್ಮ, ಸ್ವಲ್ಪ ತಡವರಿಸಿ. ಅವನು ತಲೆಯಾಡಿಸಿದ್ದ, ದೊಡ್ಡ ಮನುಷ್ಯರು ತಲೆಯಾಡಿಸುವ ಹಾಗೆ ನಿಧಾನವಾಗಿ.

ಬಸ್ಸಿಳಿದು ಎರಡು ಬೀದಿ ನಡೆದು ಅವರು ಮನೆ ಮುಟ್ಟುವ ಹೊತ್ತಿಗೆ ಎರಡು ಹೊಡೆದಿತ್ತು. ಅಕ್ಕನಿಗೆ ಮಂಡಿನೋವು, ಬೀದಿಯ ಕೊನೆಯಲ್ಲಿ ನಿಂತು ಉಸಿರು ತೆಗೆದುಕೊಂಡಳು. ಸಹಿ ಹಾಕುವುದಕ್ಕೆ ಮುಂಚೆ ಒಂದು ಸಲ ಕಣ್ಣಾರೆ ನೋಡಬೇಕು ಎಂದು ಹಟ ಹಿಡಿದವಳು ಅವಳೇ. ದಲ್ಲಾಳಿ ಮುಂಬಾಗಿಲ ಮುಂದೆ ಬೀಗದ ಜೊತೆ ಗುದ್ದಾಡುತ್ತಿದ್ದ. ಹೆಗಲಿಂದ ಕಿವಿಗೆ ಫೋನು ಒತ್ತಿಕೊಂಡು, ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಕರವಸ್ತ್ರ. "ಬನ್ನಿ ಅಮ್ಮಾ, ಬನ್ನಿ ಯಜಮಾನ್ರೇ. ಹಾಳಾದ್ದು, ಇವತ್ತೇ ಬೀಗ ಕಚ್ಚಿಕೊಳ್ಳಬೇಕೇ! ಮೇಷ್ಟ್ರಮ್ಮ ಆಗ್ಲೇ ಸಾಮಾನೆಲ್ಲ ಸಾಗಿಸಿ, ಪತ್ರ ಬರೆಯೋರ ಹತ್ರ ಹೋಗಿ ಕೂತಿದಾರೆ. ಹಿಂದಿನ ಬಾಗಿಲ ಕೀಲಿ ಇದೆ, ಹೀಗೆ ಸುತ್ತಿ ಬಂದುಬಿಡಿ, ಎರಡು ನಿಮಿಷ." ಇಷ್ಟು ಹೇಳುವಾಗ ಅವನು ಎಡಚನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದನೇ? ಆಗ ಹಾಗನ್ನಿಸಲಿಲ್ಲ. ಪಕ್ಕದಲ್ಲಿ ಓಣಿ. ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲ, ಕಾಲಡಿ ಚರಂಡಿಯ ಕಲ್ಲು. ಕಲ್ಲುಗಳಲ್ಲಿ ಮೂರನೆಯದು ಅಲುಗಾಡುತ್ತದೆ ಎಂದು ಅವನ ಕಾಲಿಗೆ ಮೊದಲೇ ಗೊತ್ತಾಯಿತು. ಅವನು ಅದನ್ನು ದಾಟಿ ಹೆಜ್ಜೆಯಿಟ್ಟ. ಹಿಂದೆ ಅಕ್ಕ ಅದರ ಮೇಲೆ ಕಾಲಿಟ್ಟು "ಅಯ್ಯೋ" ಎಂದಳು. ಆಗ ಅವನು ನಿಂತ. ಕಾಲಿಗೆ ಹೇಗೆ ಗೊತ್ತಾಯಿತು?

ಹಿತ್ತಲು. ನಲ್ಲಿ. ನಲ್ಲಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲು. ಕಲ್ಲಿನ ಅಂಚಿನಲ್ಲಿ ತಿಳಿ ಹಸಿರು ಬಣ್ಣದ ಹನಿಗಳು, ಬಿಸಿಲಿಗೆ ಬೆಳ್ಳಗಾಗಿ, ಉಗುರಿನಿಂದ ಕೆರೆದರೂ ಏಳದಂಥವು. ಅವನು ಅಲ್ಲಿ ಬ್ರಶ್ಶು ತೊಳೆದಿದ್ದ. ನಾಲ್ಕು ವರ್ಷದ ಹಿಂದೆ, ಮೂರು ದಿನ, ಇದೇ ಕಲ್ಲಿನ ಮೇಲೆ ಕುಕ್ಕರಿಸಿ ಕೂತು ಬ್ರಶ್ಶು ತೊಳೆದು, ಇದೇ ನಲ್ಲಿಗೆ ಬಾಯಿಟ್ಟು ನೀರು ಕುಡಿದಿದ್ದ. ಮನೆ ಅವನ ಕಣ್ಣೆದುರೇ ತಿರುಗಿ ನಿಂತಿತು. ಮುಂದಿನಿಂದ ಯಾರೋ ದೊಡ್ಡವರ ಮನೆಯಾಗಿದ್ದದ್ದು ಹಿಂದಿನಿಂದ ಅವನು ಕೆಲಸ ಮಾಡಿದ ಮನೆಯಾಯಿತು. ಕೆಲಸದವರು ಹಿಂದಿನಿಂದ ಬರಬೇಕು ಎಂದು ಆವತ್ತಿನ ಯಜಮಾನ, ದಪ್ಪ ಕನ್ನಡಕದವನು, ಮೊದಲ ದಿನವೇ ಹೇಳಿದ್ದ. ಮೂರು ದಿನವೂ ಅವನು ಓಣಿಯಿಂದಲೇ ಬಂದು ಓಣಿಯಿಂದಲೇ ಹೋಗಿದ್ದ, ಬಳಿದದ್ದೂ ಹಿಂದಿನ ರೂಮೊಂದನ್ನೇ. ಮನೆಯ ಮುಖ ಹೇಗಿದೆ ಎಂದು ತಲೆಯೆತ್ತಿ ನೋಡಿಯೇ ಇರಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ.

"ಯಾಕೋ, ಏನಾಯ್ತು?" ಎಂದಳು ಅಕ್ಕ.

"ಏನಿಲ್ಲ. ಬಿಸಿಲು."

ದಲ್ಲಾಳಿ ಬಾಗಿಲು ತೆಗೆದ. ಬಾಗಿಲು ನೇರ ಹಿಂದಿನ ರೂಮಿಗೇ ತೆರೆಯುತ್ತಿತ್ತು. ಪೆಟ್ಟಿಗೆ, ಮಂಚ, ಪುಸ್ತಕ ಒಂದೂ ಇರಲಿಲ್ಲ. ನಾಲ್ಕು ಗೋಡೆ ಬೆತ್ತಲಾಗಿ ನಿಂತಿದ್ದವು, ಹೊಸದಾಗಿ ಬಳಿದ ಕೆನೆಬಣ್ಣದಲ್ಲಿ. ಬಳಿದವನು ಬೇರೆ, ಬಲಗೈಯವನು, ಅವಸರದವನು. ಅಕ್ಕ ಒಳಗೆ ಕಾಲಿಟ್ಟವಳೇ ಗೋಡೆಯೊಳಗಿನ ಕಪಾಟನ್ನು ತೆರೆದು "ಪರವಾಗಿಲ್ಲ ಕಣೋ, ನನ್ನ ಬಟ್ಟೆಗೆ ಸಾಕು" ಎಂದಳು. ಕಪಾಟಿನ ಒಳಗನ್ನು ಯಾರೂ ಎರಡನೇ ಸಲ ಬಳಿಯುವುದಿಲ್ಲ. ಅಲ್ಲಿ ತಿಳಿ ಹಸಿರು ಹಾಗೇ ಇತ್ತು. ಬ್ರಶ್ಶಿನ ಗೆರೆಗಳು ಬಲದಿಂದ ಎಡಕ್ಕೆ ಎಳೆದು, ಎಡತುದಿಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿದ್ದವು. ಅವನ ಅಕ್ಷರ ಅವನಿಗೆ ಓದಲು ಬರುವುದು ಅಷ್ಟಕ್ಕಷ್ಟೆ, ಆದರೆ ಅವನ ಬ್ರಶ್ಶಿನ ಗೆರೆಯನ್ನು ಸತ್ತು ಬದುಕಿ ಬಂದರೂ ಗುರುತಿಸಿಯಾನು. ಕಣ್ಣು ತಾನಾಗಿ ಕಿಟಕಿಯ ಬಲಮೂಲೆಯಿಂದ ಕೆಳಕ್ಕೆ, ನೆಲದವರೆಗೆ ಇಳಿಯಿತು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಕಾಣಬಾರದು ಎಂದೇ ಮುಚ್ಚಿದ್ದು. ಆವತ್ತು ಅಲ್ಲಿನ ಬಿರುಕಿನೊಳಗೆ ಅವನ ಎಡಗೈಯ ನಾಲ್ಕು ಬೆರಳು ಗೆಣ್ಣಿನ ತನಕ ಹೋಗಿದ್ದವು, ಒಳಗಿನಿಂದ ತಣ್ಣನೆಯ ಗಾಳಿ ಬೆರಳ ತುದಿಗೆ ಬಡಿದಿತ್ತು. "ಸ್ವಾಮಿ, ಇದು ಪಾಯದಲ್ಲಿರೋ ತೊಂದರೆ. ನೆಲ ಕೂತಿದೆ. ಬಣ್ಣದಲ್ಲಿ ಸರಿ ಹೋಗಲ್ಲ," ಎಂದು ಅವನು ಹೇಳಿದ್ದ. ಹೌದು, ಹೇಳಿದ್ದ, ಈಗ ಯಾವ ದೇವರ ಮುಂದೆ ಬೇಕಾದರೂ ಹೇಳುತ್ತಾನೆ. ಕನ್ನಡಕದವನು ಪತ್ರಿಕೆಯಿಂದ ತಲೆಯೆತ್ತದೆ "ನೀನು ಇಂಜಿನಿಯರೋ, ಪೇಂಟರೋ?" ಎಂದು ಕೇಳಿದ್ದ. ಜೊತೆಯವರು ಏಣಿಯ ಮೇಲಿಂದ ಕಿಸಕ್ಕೆಂದರು. ಆ ಕಿಸಕ್ಕಿಗೆ ಕಿವಿ ಬಿಸಿಯಾಗಿ, ಅವನು ಹಟಕ್ಕೆ ಬಿದ್ದವನಂತೆ ಆ ಬಿರುಕನ್ನು ಮುಚ್ಚಿದ್ದ. ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಅಂಟಿನಲ್ಲಿ ಅದ್ದಿ, ಒಳಗೆ ತುರುಕಿ, ಮೇಲೆ ಗಾರೆ, ಗಾರೆಯ ಮೇಲೆ ಎರಡು ಸಲ ಪುಟ್ಟಿ, ಉಜ್ಜಿ ಉಜ್ಜಿ ಕನ್ನಡಿ ಮಾಡಿ, ಮೇಲೆ ಮೂರು ಕೋಟು. ಎಷ್ಟು ಚೆನ್ನಾಗಿ ಮುಚ್ಚಿದ್ದನೆಂದರೆ ಕನ್ನಡಕದವನು ಕನ್ನಡಕ ತೆಗೆದು ಒರೆಸಿಕೊಂಡು ನೋಡಿ "ಭೇಷ್" ಎಂದಿದ್ದ. ಆ ಭೇಷ್ ಎಂಬುದನ್ನು ಅವನು ವಾರಗಟ್ಟಲೆ ಮೆಲುಕು ಹಾಕಿದ್ದ. ಮಾನಗೆಟ್ಟವನೇ, ಅದನ್ನು ಹೆಂಡತಿಗೂ ಹೇಳಿದ್ದೆಯಲ್ಲೋ.

"ಈ ರೂಮು ನಂಗಿರ್ಲಿ," ಎಂದಳು ಅಕ್ಕ. ಅವಳ ಮುಖ ಅರಳಿತ್ತು. "ಮಾರೋ ತನಕ ಆರು ತಿಂಗಳು ಇಲ್ಲೇ ಇರ್ತೀನಿ. ಬೇರೆ ಕಡೆ ಬಾಡಿಗೆ ಯಾಕೆ ದಂಡ? ಹಿತ್ತಲಿದೆ, ನಲ್ಲಿ ಇದೆ, ನನ್ನ ಪಾಡಿಗೆ ನಾನು." ಇಷ್ಟು ಹೇಳಿ, ಮಂಡಿ ಹಿಡಿದುಕೊಂಡು, ಸೀರೆ ಸರಿಮಾಡಿಕೊಂಡು, ಅವಳು ಕಿಟಕಿಯ ಬಲಮೂಲೆಯಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಕಾಲು ಚಾಚಿ "ಉಸ್ಸಪ್ಪಾ" ಎಂದಳು.

"ಅಲ್ಲಿ ಕೂರಬೇಡ ಅಕ್ಕಾ!"

ಅವನ ದನಿ ಖಾಲಿ ರೂಮಿನಲ್ಲಿ ಅಗತ್ಯಕ್ಕಿಂತ ಜೋರಾಗಿ ಹೊಡೆಯಿತು. ಅಕ್ಕ ತಲೆಯೆತ್ತಿದಳು. ದಲ್ಲಾಳಿ ಕರವಸ್ತ್ರವನ್ನು ಕತ್ತಿನ ಬಳಿ ಹಿಡಿದವನು ಹಾಗೇ ನಿಂತ.

"ಯಾಕೋ?"

"ಬಣ್ಣ... ಬಣ್ಣ ಹಸಿ."

ಅಕ್ಕ ಬೆನ್ನ ಹಿಂದೆ ಕೈ ಹಾಕಿ ಗೋಡೆ ಸವರಿ, ಅಂಗೈ ನೋಡಿಕೊಂಡಳು. "ಒಣಗಿ ಎಷ್ಟೋ ದಿನ ಆಗಿದೆಯಲ್ಲೋ. ನಿಂಗೆ ಕಾಣಲ್ವಾ?" ಎಂದಳು. ಇಪ್ಪತ್ತೈದು ವರ್ಷದಲ್ಲಿ ಅವನು ಜನರನ್ನು ಗೋಡೆಯಿಂದ ದೂರವಿಡಲು ಹೇಳಿದ ಮಾತು ಅದೊಂದೇ, ಬಾಯಿಗೆ ಅದೇ ಬಂದಿತ್ತು. ದಲ್ಲಾಳಿ ಗಂಟಲು ಸರಿಮಾಡಿಕೊಂಡ. "ಅಮ್ಮ ಸ್ವಲ್ಪ ಸುಧಾರಿಸಿಕೊಳ್ಳಲಿ. ಯಜಮಾನ್ರೇ, ಬನ್ನಿ, ಹಿತ್ತಲಿನ ಅಳತೆ ತೋರಿಸ್ತೀನಿ," ಎಂದು ಅವನ ಮೊಣಕೈ ಹಿಡಿದು ಹೊರಗೆ ಕರೆತಂದ. ಹಿಡಿತ ಗಟ್ಟಿಯಾಗಿತ್ತು.

ಇಬ್ಬರೂ ಕಲ್ಲಿನ ಹತ್ತಿರ ಬಂದು ನಿಂತರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಎಡಚನೇ ಮೊದಲು ಬಾಯಿ ಬಿಟ್ಟ. "ಆ ಮೂಲೇಲಿ ಏನಿದೆ ಗೊತ್ತಾ ನಿಮಗೆ?"

"ಗೊತ್ತು."

"ಯಾರು ಮುಚ್ಚಿದ್ದು ಅಂತ?"

ದಲ್ಲಾಳಿ ನಕ್ಕ. ಕೆಟ್ಟ ನಗುವಲ್ಲ, ದಣಿದವನ ನಗು. "ಎಡಚಾ," ಎಂದ. ಯಜಮಾನ್ರೇ ಹೋಗಿ ಎಡಚ ಬಂದದ್ದು ಎಡಚನ ಕಿವಿಗೆ ಹೊಡೆಯಿತು. ಈ ಹೊತ್ತಿನಲ್ಲೂ ಹೊಡೆಯಿತಲ್ಲ ಎಂದು ಅವನಿಗೇ ಹೇಸಿಗೆಯಾಯಿತು. "ಕನ್ನಡಕದೋರ ಮನೆ ಮಾರಿಸಿದ್ದೂ ನಾನೇ. ಮೇಷ್ಟ್ರಮ್ಮನಿಗೆ ಕೊಡಿಸಿದ್ದೂ ನಾನೇ. ಎರಡನೇ ವರ್ಷಕ್ಕೆ ಗೋಡೆ ಬಿಟ್ಟುಕೊಳ್ತು. ಆಯಮ್ಮ ನನ್ನ ಮನೆ ಬಾಗಿಲಲ್ಲಿ ನಿಂತು ಅತ್ತರು. ಯಾರ್ಯಾರನ್ನೋ ಕರೆಸಿ ಮೆತ್ತಿಸಿದ್ರು, ಮೂರು ತಿಂಗಳಿಗೆ ಮತ್ತೆ ಬಾಯಿ ಬಿಡುತ್ತೆ. ನಿನ್ನ ಕೆಲಸ ಎರಡು ವರ್ಷ ನಿಂತಿತ್ತು ಮಾರಾಯ. ಇಡೀ ಊರಲ್ಲಿ ಹಾಗೆ ಮುಚ್ಚೋನು ಇನ್ನೊಬ್ಬನಿಲ್ಲ. ಅದಕ್ಕೇ ನಿನ್ನ ಹತ್ರ ಬಂದೆ."

"ಅದಕ್ಕೇನಾ?"

"ಮತ್ತಿನ್ಯಾತಕ್ಕೆ?" ದಲ್ಲಾಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಬೇರೆ ಯಾರಾದ್ರೂ ಈ ಬೆಲೆಗೆ ಕೊಂಡ್ರೆ ಕೈ ಸುಟ್ಕೊಳ್ತಾರೆ. ನೀನು ಸುಟ್ಕೊಳ್ಳಲ್ಲ. ಒಂದು ವಾರ ಕೂತು ಆವತ್ತಿನ ಹಾಗೇ ಮುಚ್ಚು, ಆರು ತಿಂಗಳಲ್ಲಿ ನಾನೇ ಮಾರಿಸ್ತೀನಿ. ನಿನ್ನ ಅಕ್ಕನ ದುಡ್ಡು ಒಂದೂವರೆ ಪಟ್ಟು. ನಿನ್ನ ಜೊತೆಯೋರದ್ದೂ ಬಂತು. ಮೇಷ್ಟ್ರಮ್ಮನೂ ಬಚಾವು, ಪಾಪ. ಯಾರಿಗೆ ಅನ್ಯಾಯ ಹೇಳು?"

"ಆಮೇಲೆ ಕೊಳ್ಳೋನಿಗೆ?"

"ಅವನು ಯಾರು ಅಂತ ನಿಂಗೆ ಗೊತ್ತಾ? ಹುಟ್ಟದ ಕೂಸಿಗೆ ಯಾಕಪ್ಪಾ ಅಳ್ತೀಯಾ?" ದಲ್ಲಾಳಿ ಗಡಿಯಾರ ನೋಡಿಕೊಂಡ. "ಎರಡೂವರೆ. ಮೂರಕ್ಕೆ ಅಲ್ಲಿರಬೇಕು. ಇಲ್ಲ ಅಂದ್ರೆ ಟೋಕನ್ನು ಹೋಯ್ತು ಅಂತಲೇ ತಿಳ್ಕೋ. ಬರೆದಿದೆ ಕಾಗದದಲ್ಲಿ." ಫೋನು ಮತ್ತೆ ಹೊಡೆದುಕೊಂಡಿತು. ಅವನು ಅದನ್ನು ಕಿವಿಗೆ ಹಚ್ಚಿಕೊಂಡು "ಹಾಂ ಮೇಷ್ಟ್ರಮ್ಮಾ, ಹೊರಟ್ವಿ, ಹೊರಟ್ವಿ" ಎನ್ನುತ್ತಾ ಓಣಿಯ ಕಡೆ ಹೋದ.

ಎಡಚ ಕಲ್ಲಿನ ಮೇಲೆ ಕೂತ. ಬಿಸಿಯಾಗಿತ್ತು. ಲೆಕ್ಕ ಕೂಡುತ್ತಿತ್ತು, ಅದೇ ಕಷ್ಟ. ಎಲ್ಲಿಂದ ಕೂಡಿದರೂ ಸರಿಯಾಗಿಯೇ ಬರುತ್ತಿತ್ತು. ಮೊಂಡನ ಹೆಂಡತಿಯ ಬಳೆ ವಾಪಸು. ಅಕ್ಕನಿಗೆ ಒಂದೂವರೆ ಪಟ್ಟು. ಕ್ವಾರ್ಟರ್ಸು ಬಿಟ್ಟ ಮೇಲೆ ಅವಳಿಗೊಂದು ರೂಮು. ಆ ರೂಮು. ಪಾಯ ಎಷ್ಟು ಕೂತಿದ್ದೀತು? ನಾಲ್ಕು ವರ್ಷದಲ್ಲಿ ಇನ್ನರ್ಧ ಬೆರಳು? ಒಂದು ಅಂಗೈ? ಗೋಡೆ ಬೀಳುವುದಿಲ್ಲ, ಆರು ತಿಂಗಳಲ್ಲಿ ಎಲ್ಲಿ ಬೀಳುತ್ತದೆ, ಬೀಳುವುದಾದರೆ ಮೊದಲೇ ಬೀಳುತ್ತಿತ್ತು. ಅವಳಿಗೆ ಬೇರೆ ರೂಮು ಕೊಟ್ಟರಾಯಿತು. ಏನಾದರೂ ನೆಪ ಹೇಳಿದರಾಯಿತು. ಕೈಯನ್ನು ಬಚ್ಚಿಟ್ಟುಕೊಳ್ಳಲು ಮರೆತಿದ್ದೇನೆ ಎಂದು ಅವನಿಗೆ ಆಗ ತಿಳಿಯಿತು. ಎಡಗೈ ಹೆಬ್ಬೆರಳು ಕಲ್ಲಿನ ಮೇಲಿನ ಹಸಿರು ಹನಿಯನ್ನು ತನ್ನಷ್ಟಕ್ಕೆ ಕೆರೆಯುತ್ತಿತ್ತು. ಅದು ಏಳಲಿಲ್ಲ. ಒಳ್ಳೇ ಬಣ್ಣ. ಅಮ್ಮ ಹೋದ ವರ್ಷ ಅವನಿಗೆ ಎಂಟು, ಅಕ್ಕನಿಗೆ ಹದಿನೇಳು. ಲಾಂಡ್ರಿಗೆ ಸೇರಿದ ಮೊದಲ ವಾರ ಅವಳ ಎರಡೂ ಅಂಗೈ ಸೋಡಾದ ನೀರಿಗೆ ಸಿಪ್ಪೆ ಎದ್ದು, ತುತ್ತು ಎತ್ತಲಾಗದೆ, ಅವನೇ ಅವಳಿಗೆ ಉಣ್ಣಿಸಿದ್ದ, ಎಡಗೈಯಲ್ಲಿ. ಎಡಗೈಯಲ್ಲಿ ಉಣ್ಣಿಸುತ್ತಾನೆ ಎಂದು ಪಕ್ಕದ ಮನೆಯವರು ಬೈದದ್ದಕ್ಕೆ ಅವಳು ಬಾಯಿ ತುಂಬ ಅನ್ನ ಇಟ್ಟುಕೊಂಡೇ ಅವರ ಮೇಲೆ ಹರಿಹಾಯ್ದಿದ್ದಳು. ಅದು ಈಗ ಯಾಕೆ ನೆನಪಾಗಬೇಕು? ಥೂ, ಎಂದು ಎದ್ದು ಅವನು ಒಳಗೆ ಹೋದ.

ಅಕ್ಕ ಕೂತಲ್ಲೇ ಕೂತಿದ್ದಳು. ಬೆನ್ನು ಪೂರ್ತಿ ಗೋಡೆಗೆ ಕೊಟ್ಟು, ಕಂದು ಚೀಲವನ್ನು ಮಡಿಲಲ್ಲಿ ಅವುಚಿಕೊಂಡು, ರೂಮನ್ನು ಕಣ್ಣಿನಲ್ಲೇ ಜೋಡಿಸುತ್ತಿದ್ದಳು. "ಮಂಚ ಹೀಗೆ ಬರ್ಲಿ, ತಲೆ ಈ ಗೋಡೆಗೆ. ಬೆಳಿಗ್ಗೆ ಬೆಳಕು ಮುಖಕ್ಕೆ ಹೊಡೆಯಲ್ಲ," ಎಂದಳು. ಆಮೇಲೆ ಅವನ ಕಡೆ ತಿರುಗಿ, ಏನೂ ಅಲ್ಲವೆಂಬಂತೆ ಕೇಳಿದಳು: "ಗೋಡೆ ನೀನು ಮುಟ್ಟಿ ನೋಡಿದೀಯ ತಾನೆ?"

"ನೋಡ್ದೆ," ಎಂದ ಅವನು.

"ಹಾಗಾದ್ರೆ ಸರಿ." ಅವಳು ಚೀಲದ ಜಿಪ್ಪು ಎಳೆದು ಡಿಡಿಯನ್ನು ಇನ್ನೊಂದು ಸಲ ಮುಟ್ಟಿ ನೋಡಿ ಮತ್ತೆ ಮುಚ್ಚಿದಳು. "ನಂಗೆ ಈ ವ್ಯವಹಾರ ಎಲ್ಲ ತಲೆಗೆ ಹೋಗಲ್ಲಪ್ಪ. ನೀನು ಮುಟ್ಟಿ ನೋಡಿದ್ರೆ ಮುಗೀತು." ತಲೆಯನ್ನೂ ಹಿಂದಕ್ಕೆ ಒರಗಿಸಿ ಅವಳು ಕಣ್ಣು ಮುಚ್ಚಿದಳು. ಅವಳ ಬಿಳಿಗೂದಲು ಹೊಸ ಬಣ್ಣದ ಮೇಲೆ, ಕಿಟಕಿಯ ಮೂಲೆಯಿಂದ ನೇರ ಕೆಳಗೆ, ಆವತ್ತು ಅವನ ನಾಲ್ಕು ಬೆರಳು ಹೋಗಿದ್ದ ಜಾಗದಲ್ಲೇ ಇತ್ತು. ಹೊರಗೆ ದಲ್ಲಾಳಿ "ಯಜಮಾನ್ರೇ, ಆಟೋ ಬಂತು!" ಎಂದು ಕೂಗಿದ. ಅವನಿಗೆ ಸಾಕಾಯಿತು. ಯೋಚಿಸಿ ಮಾಡಿದ್ದಲ್ಲ, ಯೋಚಿಸಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಜೇಬಿಗೆ ಹೋದ ಕೈ ಬ್ಲೇಡಿನ ಜೊತೆ ಹೊರಗೆ ಬಂತು.

"ಸ್ವಲ್ಪ ಸರಿ ಅಕ್ಕ."

"ಏನೋ ಮಾಡ್ತಿದೀಯಾ? ಹೊಸ ಬಣ್ಣ!"

ಬ್ಲೇಡು ಒಳಗಿಳಿಯಿತು. ಕೆನೆಬಣ್ಣ ಹಪ್ಪಳದ ಹಾಗೆ ಎದ್ದು ಬಂತು, ಅದರ ಕೆಳಗೆ ಯಾರದೋ ಅವಸರದ ಗಾರೆ, ಅದೂ ಬಂತು, ಇಸ್ತ್ರಿಯ ಅಂಗಿಯ ಮೇಲೆಲ್ಲ ಬಿಳಿ ಪುಡಿ ಬಿತ್ತು. ಅದರ ಕೆಳಗೆ, ಬಿರುಕಿನ ಅಂಚಿನಲ್ಲಿ ಉಳಿದಿದ್ದ ತಿಳಿ ಹಸಿರು. ಅಲ್ಲಿ ಅವನ ಕೈ ಒಂದು ಕ್ಷಣ ತಡೆಯಿತು. ನಂತರ ಅವನು ಅದನ್ನೂ ಕೆರೆದ. ಎರಡು ಕೋಟಿನ ಪುಟ್ಟಿ, ಕನ್ನಡಿಯಂಥದ್ದು, ಚೂರುಚೂರಾಗಿ ಉದುರಿತು. ಓಡಿ ಬಂದ ದಲ್ಲಾಳಿ ಬಾಗಿಲಲ್ಲಿ ನಿಂತು "ಏಯ್, ತಲೆ ಕೆಟ್ಟಿದೆಯೇನೋ ನಿಂಗೆ? ಏಯ್ ಎಡಚಾ!" ಎಂದು ಕಿರುಚಿದ. ಅಕ್ಕ ಕೈಯೆತ್ತಿ "ನೀವು ಸ್ವಲ್ಪ ಸುಮ್ನಿರಿ" ಎಂದಳು. ಲಾಂಡ್ರಿಯಲ್ಲಿ ನಲವತ್ತು ಹೆಂಗಸರನ್ನು ಹತೋಟಿಯಲ್ಲಿಟ್ಟ ದನಿ ಅದು, ದಲ್ಲಾಳಿ ಸುಮ್ಮನಾದ. ಬಿರುಕು ಬಾಯಿಬಿಟ್ಟಿತು. ನಾಲ್ಕು ವರ್ಷದ ಹಿಂದಿಗಿಂತ ಅಗಲವಾಗಿತ್ತು. ಅವನು ಅಕ್ಕನ ಬಲಗೈಯನ್ನು ಹಿಡಿದು ಅದರ ಬಾಯಿಗೆ ಒಯ್ದ. ಅವಳ ಕೈ ಮಣಿಕಟ್ಟಿನ ತನಕ ಒಳಗೆ ಹೋಯಿತು.

"ಗಾಳಿ ಬರ್ತಿದೆ," ಎಂದಳು ಅವಳು, ಮೆಲ್ಲಗೆ.

"ನಾನೇ ಮುಚ್ಚಿದ್ದು ಅಕ್ಕ. ಹಿಂದೆ. ಇದೇ ಮನೆ ಅಂತ ಗೊತ್ತಾಗಲಿಲ್ಲ. ಮುಂದಿನಿಂದ ಬಂದು ನೋಡ್ದೆ. ಮುಟ್ಟಲಿಲ್ಲ. ಪೇಂಟರ್ ಅಂತ ಗೊತ್ತಾಗಿಬಿಡುತ್ತೆ ಅಂತ ಗೋಡೆ ಮುಟ್ಟಲಿಲ್ಲ. ಈಗ ನೋಡ್ದೆ ಅಂದೆನಲ್ಲ, ಅದೂ ಸುಳ್ಳು." ಅವನಿಗೆ ಅಳು ಬರುತ್ತಿತ್ತು, ನಲವತ್ತರ ಹತ್ತಿರ ಬಂದವನಿಗೆ. ಅಕ್ಕ ಅವನನ್ನು ನೋಡುತ್ತಿರಲಿಲ್ಲ. ಅವಳ ಬೆರಳುಗಳು ಒಳಗೆ ಏನನ್ನೋ ಹಿಡಿದಿದ್ದವು. ಎಳೆದಳು. ಅಂಟು ಹಿಡಿದು ಸೆಟೆದ ಬಟ್ಟೆಯ ಪಟ್ಟಿಯೊಂದು ಹೊರಗೆ ಬಂತು, ಅದರ ಹಿಂದೆ ಇನ್ನೊಂದು. ಅವಳು ಅದನ್ನು ಮಂಡಿಯ ಮೇಲೆ ಹರಡಿ, ಗಾರೆಯ ಪುಡಿ ಕೊಡವಿ, ಅಂಚನ್ನು ಹೆಬ್ಬೆರಳಿನಲ್ಲಿ ಸವರುತ್ತಾ ಹೋದಳು. ಮೂಲೆಯಲ್ಲಿ ಕೆಂಪು ನೂಲಿನ ಹೊಲಿಗೆ ಇತ್ತು, ವಾರ್ಡಿನ ಗುರುತು, ಅದರ ಪಕ್ಕ ಹೊಲಿದವರ ಗುರುತಾಗಿ ಎರಡು ಅಡ್ಡಗೆರೆ. ಅವಳ ಎರಡು ಅಡ್ಡಗೆರೆ. ಹರಿದು ಲೆಕ್ಕದಿಂದ ತೆಗೆದ ದುಪ್ಪಟಿಗಳನ್ನು ತಿಂಗಳಿಗೊಮ್ಮೆ ಅವಳೇ ಕಟ್ಟು ಕಟ್ಟಿ ತಂದುಕೊಡುತ್ತಿದ್ದಳು, "ಕೈ ಒರೆಸಿಕೊಳ್ಳೋಕೆ ಇರ್ಲಿ" ಎಂದು. ಅವನಿಗೆ ಅದು ನೆನಪೇ ಇರಲಿಲ್ಲ.

"ನಂದೇ," ಎಂದಳು ಅಕ್ಕ. ಬಹಳ ಹೊತ್ತು ಆ ಕೆಂಪು ನೂಲನ್ನೇ ನೋಡಿದಳು. ಬಾಗಿಲಲ್ಲಿ ದಲ್ಲಾಳಿಯ ಫೋನು ಹೊಡೆದುಕೊಂಡು, ನಿಂತು, ಮತ್ತೆ ಹೊಡೆದುಕೊಂಡಿತು. "ಇದನ್ನ ಮುಚ್ಚಿದ್ದಕ್ಕೆ ನಿಂಗೆ ಎಷ್ಟು ಕೊಟ್ರೋ?"

"ಮಾಮೂಲಿ ಕೂಲಿ. ಮೂರು ದಿನದ್ದು."

"ಜಾಸ್ತಿ ಏನೂ ಕೊಡಲಿಲ್ವಾ?"

"ಇಲ್ಲ. ಭೇಷ್ ಅಂದ್ರು."

ಬಯ್ದಿದ್ದರೆ ಚೆನ್ನಾಗಿತ್ತು. ಅಕ್ಕ ಸೆಟೆದ ಬಟ್ಟೆಯನ್ನು ಅಭ್ಯಾಸಬಲದಿಂದ ನಾಲ್ಕು ಮಡಿಕೆ ಮಾಡಿ, ಅಂಗೈಯಿಂದ ಒತ್ತಿ, ಚೀಲದಲ್ಲಿ ಡಿಡಿಯ ಪಕ್ಕದಲ್ಲಿಟ್ಟು ಜಿಪ್ಪು ಎಳೆದಳು. ದಲ್ಲಾಳಿಯ ಕಡೆ ತಿರುಗಿ "ಮೇಷ್ಟ್ರಮ್ಮನಿಗೆ ಹೇಳಿ, ನಾವು ಬರ್ತಿದೀವಿ ಅಂತ. ಸಹಿ ಹಾಕೋಕಲ್ಲ," ಎಂದಳು. ಅವನು ಓಣಿಯ ಕಡೆ ನಡೆದ. ಆಮೇಲೆ ಅವಳು ತಮ್ಮನಿಗೆ ಹೇಳಿದಳು: "ಆಯಮ್ಮನ ಹತ್ರ ನೀನೇ ಹೇಳಬೇಕು. ಮುಚ್ಚಿದ್ದು ನಾನು ಅಂತ. ನಿನ್ನ ಜೊತೆಯೋರ ಹತ್ರಾನೂ ನೀನೇ ಹೇಳಬೇಕು. ಅವರ ದುಡ್ಡು ಇದರಲ್ಲೇ ಕೊಡ್ತೀನಿ. ಮಿಕ್ಕಿದ್ದನ್ನ ಇನ್ನೊಂದು ಸಲ ಕೇಳ್ಬೇಡ ನನ್ನ."

"ನೀನೆಲ್ಲಿರ್ತೀಯಾ ಅಕ್ಕ? ತಿಂಗಳ ಕೊನೆಗೆ?"

"ನೋಡೋಣ."

ಅವಳಿಗೆ ಏಳಬೇಕಿತ್ತು. ಮಂಡಿ ಮಡಚಿ, ಆಸರೆಗೆಂದು ಗೋಡೆಗೆ ಕೈ ಚಾಚಿದಳು. ಕೈ ಗೋಡೆ ಮುಟ್ಟುವ ಮೊದಲೇ ತಡೆಯಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು ತಮ್ಮನ ಕಡೆ ಚಾಚಿದಳು. "ಕೈ ಕೊಡೋ," ಎಂದಳು. ಅವನು ಅಭ್ಯಾಸದಂತೆ ಎಡಗೈ ಚಾಚಿದ, ತಕ್ಷಣ ನಾಚಿ ಬಲಗೈ ಮುಂದೆ ಮಾಡಿದ. ಅವಳು ಎಡಗೈಯನ್ನೇ ಹಿಡಿದು ಎದ್ದಳು.